ಭಟ್ಟಿ ಬೀದಿಯ ಬಿಸಿಲು

ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿದ್ದ ಗಾಜಿನ ಬುರುಡೆ ಬಿಸಿಲು ಅಳೆಯುವ ಯಂತ್ರ ಎಂಬುದು, ಅದರ ಮೇಲೆ ನನ್ನ ಒದ್ದೆ ಲುಂಗಿ ಹರವಿದ ಮೇಲೆ ತಿಳಿಯಿತು. ಅರ್ಧ ಗಂಟೆಯಲ್ಲಿ ಪುಷ್ಪಲತಾ ಬಂದರು. "ಸಾರ್, ದಾವಣಗೆರಿಗೆ ಗ್ರಹಣ ಹಿಡದೈತೆ ಅಂತ ಆಫೀಸಿಂದ ಫೋನು" ಎಂದು ಲುಂಗಿ ಮಡಿಸಿ ಕೈಗಿತ್ತರು.

ಯಂತ್ರದ ಅಂಕಿ ಜಿಲ್ಲೆಯ ಬಿಸಿಲಿನ ನಕ್ಷೆ ಮಾಡುವ ಆಫೀಸಿಗೆ ತಾನಾಗಿ ಹೋಗುತ್ತಿತ್ತು; ಇಲ್ಲಿ ಮತ್ತು ಹರಿಹರದಲ್ಲಿ ಗಾಜು ಒರೆಸಿ ಅಂಕಿ ಬರೆದಿಡುವುದು ಪುಷ್ಪಲತಾರ ಕೆಲಸ. ನಮ್ಮ ಬೀದಿಯ ಬೆಳಗಿನ ಅಂಕಿ ಮಾತ್ರ ಹರಿಹರಕ್ಕಿಂತ ಕಡಿಮೆ ಬರುತ್ತಿತ್ತು. ಇಷ್ಟು ಹತ್ತಿರದ ಊರುಗಳಲ್ಲಿ ಬಿಸಿಲು ಬೇರೆಯಾಗದು, ಈಕೆ ಗಾಜು ಒರೆಸುತ್ತಿಲ್ಲ ಎಂದು ತೀರ್ಮಾನಿಸಿದ ಆಫೀಸಿನ ಎಂಜಿನಿಯರ್, ಕೆಲಸದಿಂದ ತೆಗೆಯಲೆಂದೇ ಮರುವಾರ ಬಂದರು.

ಲುಂಗಿಯ ತಪ್ಪೊಪ್ಪಿಗೆಗೆ ನಾನು ಬಾಯಿ ತೆರೆದೆ, ಯಾರೂ ಕೇಳಲಿಲ್ಲ. ಪುಷ್ಪಲತಾ ನೋಟ್‌ಬುಕ್ ಬಿಚ್ಚಿದರು.

"ಮಂಡಕ್ಕಿ ಭಟ್ಟಿ ಉರಿಯೋ ದಿನ ಹೊಗಿ, ಅಂಕಿ ಕಡಿಮಿ. ಭಟ್ಟಿ ರಜಾ ಇದ್ದ ದಿನ ಹರಿಹರದಷ್ಟೇ ಐತೆ, ನೋಡ್ರಿ. ಗಾಜು ದಿನಾಲೂ ನಾನೇ ಒರೆಸಿದ್ದು."

ಎಂಜಿನಿಯರ್ ಪುಟ ತಿರುವಿದರು, ಕೂತರು, ಮತ್ತೆ ತಿರುವಿದರು. ಕೊನೆಗೆ ಬಿಸಿಲಿನ ನಕ್ಷೆಯಲ್ಲಿ ನಮ್ಮ ಬೀದಿಗೆ ಬೇರೆಯೇ ಬಣ್ಣ ಬಂತು. ಮಲೆಬೆನ್ನೂರಿನವರೆಗಿನ ಇನ್ನೂ ಆರು ಯಂತ್ರಗಳು ಪುಷ್ಪಲತಾರ ಕೈಗೆ ಬಂದವು.

"ಇದನ್ನೆಲ್ಲ ಎಲ್ಲಿ ಕಲಿತ್ರಿ?" ಎಂದರು ಎಂಜಿನಿಯರ್.

"ಸಂಡಿಗಿ ಒಣಗಸ್ತೀನ್ರಿ" ಎಂದರು ಪುಷ್ಪಲತಾ.