ನಡೆಯುವ ಬದು

ನಮ್ಮೂರಿನ ರೈತರು ಒಗ್ಗಟ್ಟಾದರು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ನಗು, ಆಮೇಲೆ ಸಿಟ್ಟು. ಒಗ್ಗಟ್ಟಾಗಿದ್ದು ಸುಳ್ಳಲ್ಲ, ಅದಕ್ಕೆ ಫೋಟೋ ಇದೆ. ಚಿತ್ತವಾಡ್ಗಿಯ ಅಂಗಡಿಯಲ್ಲಿ ಮಾಡಿಸಿದ ಫ್ಲೆಕ್ಸ್ ಇನ್ನೂ ನಮ್ಮ ನೀರು ಬಳಕೆದಾರರ ಸಂಘದ ಗೋಡೆಯ ಮೇಲೆ ನೇತಾಡುತ್ತಿದೆ. ಅದರಲ್ಲಿ ನಾವು ಇಪ್ಪತ್ತು ಮಂದಿ ಸಲಿಕೆ ಹಿಡಿದು ನಿಂತಿದ್ದೇವೆ. ಒಂದು ಸಲಿಕೆಗೂ ಮಣ್ಣು ಹತ್ತಿಲ್ಲ. ಮುಂದಿನ ಸಾಲಿನ ನಟ್ಟನಡುವೆ ಶಾಲು ಹೊದ್ದು ಹಲ್ಲು ಕಿರಿಯುತ್ತಿರುವವನು ನಾನು.

ನಮ್ಮ ಗದ್ದೆಗಳಿರುವುದು ಕಂಪ್ಲಿ ದಾರಿಯಲ್ಲಿ, ರಾಯರ ಕಾಲದ ಕಾಲುವೆಯ ಕೆಳಗೆ. ನಮಗೆ ನೀರಿನ ಬರವಿಲ್ಲ. ನಮ್ಮ ಕಷ್ಟ ನೀರು ಹೆಚ್ಚಾಗಿ ಬಂದ ಕಷ್ಟ. ಭತ್ತದ ಗದ್ದೆ ಸದಾ ತುಂಬಿ ತುಳುಕುತ್ತಿರಬೇಕು, ಪಕ್ಕದವನ ಗದ್ದೆಗಿಂತ ನಮ್ಮದರಲ್ಲಿ ನಾಲ್ಕು ಬೆರಳು ಹೆಚ್ಚೇ ನಿಂತಿರಬೇಕು, ಇಲ್ಲದಿದ್ದರೆ ನಮಗೆ ಅನ್ನ ಸೇರುವುದಿಲ್ಲ. ಹೀಗೆ ವರ್ಷಗಟ್ಟಲೆ ನಿಂತ ನೀರು ನೆಲದೊಳಗಿನ ಉಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ. ಬೇಸಿಗೆಯಲ್ಲಿ ಗದ್ದೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಇದಕ್ಕೆ ನಾವು ಸವಳು ಎನ್ನುತ್ತೇವೆ. ಹಳಬರು ನಮ್ಮಷ್ಟು ಬುದ್ಧಿವಂತರಾಗಿರಲಿಲ್ಲವಲ್ಲ, ಅದಕ್ಕೇ ಅವರು ಗದ್ದೆಗಳ ಪಕ್ಕದಲ್ಲಿ ಒಂದು ಬಸಿಗಾಲುವೆ ತೋಡಿದ್ದರು. ಗದ್ದೆಯಲ್ಲಿ ಹೆಚ್ಚಾದ ನೀರು ಅದರೊಳಗೆ ಬಸಿದು ಹೊಳೆಗೆ ಹೋಗಬೇಕು, ಅಷ್ಟೇ ಅದರ ಕೆಲಸ.

ಆ ಬಸಿಗಾಲುವೆಯನ್ನು ನಾವು ತಿಂದೆವು. ಹೇಗೆ ತಿಂದೆವು ಎಂಬುದನ್ನು ಹೇಳಲೇಬೇಕು, ಯಾಕೆಂದರೆ ಅದರಲ್ಲಿ ನಮ್ಮ ಜಾಣತನವೆಲ್ಲ ಇದೆ. ಪ್ರತಿ ವರ್ಷ ನಾಟಿಗೆ ಮುಂಚೆ ಬದು ಕೆತ್ತುವುದು ನಮ್ಮಲ್ಲಿ ರೂಢಿ. ಸಲಿಕೆಯಿಂದ ಬದುವಿನ ಹುಲ್ಲು ಕೆತ್ತಿ, ಇಲಿ ತೂತು ಮುಚ್ಚಿ, ಹಸಿ ಮಣ್ಣು ಮೆತ್ತಬೇಕು. ಕೆತ್ತುವುದು ನಮ್ಮ ಗದ್ದೆಯ ಕಡೆ, ಮೆತ್ತುವುದು ಬಸಿಗಾಲುವೆಯ ಕಡೆ. ಒಂದು ಸಲಕ್ಕೆ ನಾಲ್ಕು ಬೆರಳು. ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬದು ನಡೆಯುತ್ತದೆ. ಕಾಲಿಲ್ಲದ ಬದು ಮೂವತ್ತು ವರ್ಷದಲ್ಲಿ ಐದಾರು ಅಡಿ ನಡೆದುಬಿಡುತ್ತದೆ. ಎಂಟು ಅಡಿಯ ಬಸಿಗಾಲುವೆ ಎರಡು ಅಡಿಯ ಚರಂಡಿಯಾಗುತ್ತದೆ, ಅದರಲ್ಲಿ ಜೊಂಡು ಬೆಳೆಯುತ್ತದೆ, ನಾವು ದಂಡೆಯ ಮೇಲೆ ನಿಂತು ಸರ್ಕಾರವನ್ನು ಬಯ್ಯುತ್ತೇವೆ. ಥೂ, ನಮ್ಮ ಜನ್ಮಕ್ಕಿಷ್ಟು.

ಎಲ್ಲರಿಗಿಂತ ಕೆಳಗೆ, ಹೊಳೆಯ ದಂಡೆಗೆ ಇರುವುದು ನನ್ನ ಗದ್ದೆ. ನನಗಿಂತ ಮೇಲೆ, ಒಂದು ತಗ್ಗಿನಲ್ಲಿ, ಒಬ್ಬ ಹೆಣ್ಣುಮಗಳ ಒಂದೂವರೆ ಎಕರೆ ಇತ್ತು. ಗಂಡ ತೀರಿಕೊಂಡ ಮೇಲೆ ತಾನೇ ಸೆರಗು ಸಿಕ್ಕಿಸಿ ಉತ್ತಿ ಬಿತ್ತಿದವಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ, ಆಕೆ ನನ್ನನ್ನು ತಮ್ಮಾ ಎನ್ನುತ್ತಾಳೆ. ಮೇಲಿನವರ ಗದ್ದೆಯ ಬಸಿನೀರೆಲ್ಲ ಇಳಿದು ಆಕೆಯ ತಗ್ಗಿಗೆ ಬರುತ್ತದೆ, ಅಲ್ಲಿಂದ ನನ್ನ ಗದ್ದೆಯ ಪಕ್ಕದಿಂದ ಹೊಳೆಗೆ ಹೋಗಬೇಕು. ನನ್ನ ಪಕ್ಕದಲ್ಲಿ ಬಸಿಗಾಲುವೆಯ ಕುತ್ತಿಗೆ ಹಿಸುಕಿದರೆ ನೀರು ಆಕೆಯ ಗದ್ದೆಯಲ್ಲೇ ನಿಲ್ಲುತ್ತದೆ. ಹಿಸುಕಿದ್ದೆವು, ನಿಂತಿತು. ಮೂರು ವರ್ಷ ಆಕೆಯ ಸಸಿಗಳು ಕೆಂಪಗಾಗಿ ಕೊಳೆತವು.

ಆಕೆಯ ಮಗ ಕುರೆಕುಪ್ಪದ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕಿದ್ದ. ಗದ್ದೆಯ ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಕೊಟ್ಟುಬಿಡೋಣ ಎಂದು ಅವನ ಹಟ. ಇನ್ನೊಂದು ಬೆಳೆ ನೋಡುತ್ತೇನೆ, ಅದೂ ಕೊಳೆತರೆ ನಿನ್ನ ಇಷ್ಟ ಎಂದು ಆಕೆ ಮಗನಿಗೆ ಮಾತು ಕೊಟ್ಟಿದ್ದಳು. ಇದು ಊರಿಗೆಲ್ಲ ಗೊತ್ತಿತ್ತು. ನನಗಂತೂ ಚೆನ್ನಾಗಿ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿದ್ದಾಗ ಸಂಘದ ಸಭೆ ಕರೆದರು. ಸಂಘದ ಅಧ್ಯಕ್ಷನ ಬಗ್ಗೆ ಎರಡು ಮಾತು. ಗಣಿಯ ಅಬ್ಬರ ಇದ್ದಾಗ ಸಂಡೂರಿಗೆ ಲಾರಿ ಬಿಟ್ಟು, ದಾರಿಯುದ್ದಕ್ಕೂ ಜನರ ಅನ್ನಕ್ಕೆ ಅದಿರಿನ ಧೂಳು ಉದುರಿಸಿ, ಗಣಿ ನಿಂತ ಮೇಲೆ ಬಿಳಿ ಅಂಗಿ ತೊಟ್ಟು ಪರಿಸರಪ್ರೇಮಿಯಾದವನು. ಸಭೆಗೆ ಕೃಷಿ ಇಲಾಖೆಯಿಂದ ಒಬ್ಬ ಹುಡುಗಿ ಅಧಿಕಾರಿಯೂ ಬಂದಿದ್ದಳು. ಪಾಪ, ಅವಳು ನಮ್ಮನ್ನು ಮನುಷ್ಯರೆಂದು ತಿಳಿದಿದ್ದಳು. ಮಣ್ಣು ತೋರಿಸಿ, ನೀರು ತೋರಿಸಿ, "ನೀವೆಲ್ಲ ಸೇರಿ ಬಸಿಗಾಲುವೆಯನ್ನ ಮೊದಲಿದ್ದಷ್ಟೇ ಅಗಲಕ್ಕೆ ಬಿಡಿಸಿಕೊಂಡ್ರೆ ಸಾಕ್ರಿ, ಎರಡು ವರ್ಷದಾಗ ಸವಳು ಇಳೀತದ" ಎಂದಳು.

ಮೊದಲು ಎಷ್ಟು ಅಗಲ ಇತ್ತು ಎಂದು ಕೇಳಿದ್ದೇ ತಡ, ಇಪ್ಪತ್ತು ಜನರಿಗೆ ಒಟ್ಟಿಗೆ ಮರೆವು ಬಂತು. ಒಬ್ಬ ಎರಡಡಿ ಎಂದ. ಇನ್ನೊಬ್ಬ ಎರಡೂವರೆ ಎಂದ. ಬಸಿಗಾಲುವೆಯಲ್ಲಿ ಈಜು ಕಲಿತವರೇ ಹಾಗೆ ಹೇಳುತ್ತಿದ್ದರು.

ಹಿಂದೆ ಗೋಡೆಗೆ ಒರಗಿ ಕೂತಿದ್ದ ಅಕ್ಕ ಎದ್ದು ನಿಂತಳು. "ಚಪ್ಪಡಿ ಇತ್ತಲ್ಲರೀ. ದಾಟಾಕ ಅಡ್ಡ ಹಾಕಿದ್ದ ಹತ್ತಡಿ ಕಲ್ಲು. ನಾನು ಹುಲ್ಲಿನ ಹೊರಿ ಹೊತ್ಕೊಂಡು ಅದರ ಮ್ಯಾಲೇ ದಾಟ್ತಿದ್ದೆ. ಆ ಕಡಿ ಒಂದಡಿ, ಈ ಕಡಿ ಒಂದಡಿ ದಂಡಿ ಮ್ಯಾಲೆ ಕುಂತಿತ್ತು. ನಡುವ ಎಂಟಡಿ ನೀರು."

ಎಲ್ಲರೂ ಮೇಲೆ ಫ್ಯಾನ್ ನೋಡಿದರು. ಅಧ್ಯಕ್ಷ ನನ್ನ ಕಡೆ ತಿರುಗಿದ. "ಕಲ್ಲು ಇದ್ದಿದ್ದು ನಿನ್ನ ಗದ್ದಿ ಬಾಜೂಕ ಅಲ್ಲೇನೋ? ಎಲ್ಲೈತಿ ಈಗ?"

"ಹಂಪಿ ಕಡಿ ಯಾರೋ ರೆಸಾರ್ಟಿನವರು ಒಯ್ದರಂತ ಕೇಳಿದ್ದೆ" ಎಂದೆ. "ತ್ವಾಟದಾಗ ಕುಂದ್ರಾಕ ಹಳೇ ಕಲ್ಲು ಬೇಕಂತಲ್ಲ ಅವರಿಗೆ."

ಎಲ್ಲರೂ ನಕ್ಕರು. ರೆಸಾರ್ಟಿನವರನ್ನು ಬಯ್ಯಲು ಯಾರಿಗೆ ಖುಷಿಯಿಲ್ಲ? ಹಂಪಿಯ ಕಲ್ಲು, ನಮ್ಮ ಸಂಸ್ಕೃತಿ, ಲೂಟಿ ಎಂದು ಅರ್ಧ ಗಂಟೆ ಭಾಷಣವಾಯಿತು. ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಕೂತುಕೊಂಡಳು.

ಆ ಕಲ್ಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ, ಊರೆಲ್ಲ ಮದುವೆಯ ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಅಪ್ಪನೂ ನಾನೂ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಅದನ್ನು ಎಳೆದು, ನಮ್ಮ ಗದ್ದೆಯಲ್ಲೇ ಗುಂಡಿ ತೋಡಿ ಉರುಳಿಸಿದ್ದೆವು. ಬಸಿಗಾಲುವೆ ಆಗಲೇ ಹಾರಿ ದಾಟುವಷ್ಟಾಗಿತ್ತು. ಅದರ ಮೇಲೆ ಹತ್ತಡಿಯ ಕಲ್ಲು ಬಿದ್ದಿದ್ದರೆ ನೋಡಿದವರೆಲ್ಲ ಲೆಕ್ಕ ಹಾಕುತ್ತಿದ್ದರು. "ಕಲ್ಲು ಬಾಯಿ ಬಿಡತೈತಿ, ಮುಚ್ಚಿಬಿಡು" ಎಂದಿದ್ದ ಅಪ್ಪ. ಮೊಳದಾಳಕ್ಕಿಂತ ಹೆಚ್ಚು ತೋಡಲು ನಮಗೆ ಸೋಮಾರಿತನ. ಹಾಗಾಗಿ ಪ್ರತಿ ವರ್ಷ ಕೆಸರು ಮಾಡುವಾಗ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಆ ಜಾಗದಲ್ಲಿ ಖಣ್ ಎನ್ನುತ್ತಿತ್ತು. "ಏನೈತಣ್ಣ ಇಲ್ಲಿ?" ಎಂದು ಡ್ರೈವರ್ ಕೇಳುತ್ತಿದ್ದ. "ಬಂಡೆಗಲ್ಲು, ಬಿಡಲೇ" ಎನ್ನುತ್ತಿದ್ದೆ.

ಸಭೆಯಲ್ಲಿ ಮೂರಡಿ ಎಂದು ತೀರ್ಮಾನವಾಯಿತು. ಒಬ್ಬೊಬ್ಬರಿಗೂ ಒಂದು ಅಡಿ ನಷ್ಟ, ಅದಕ್ಕೇ ಮುಖ ಸಣ್ಣದು ಮಾಡಿಕೊಂಡರು. ಜೆಸಿಬಿ ಬಂತು, ಎರಡು ದಿನ ಕೆರೆಯಿತು, ತೆಂಗಿನಕಾಯಿ ಒಡೆದೆವು. ಹುಡುಗಿ ಅಧಿಕಾರಿ ಇನ್ನೂ ಅಗಲ ಬೇಕು, ಇನ್ನೂ ಅಗಲ ಬೇಕು ಎಂದು ಬಿಸಿಲಲ್ಲಿ ನಿಂತು ಗೋಗರೆದಳು. ಅಧ್ಯಕ್ಷ ಅವಳಿಗೆ ಮಜ್ಜಿಗೆ ಕೊಡಿಸಿ ಕಳಿಸಿದ.

ಮುಂಗಾರಿನಲ್ಲಿ ಕಾಲುವೆಯ ನೀರೂ ಮಳೆಯ ನೀರೂ ಸೇರಿದವು. ಅಕ್ಕ ನಾಟಿ ಮಾಡಿದ್ದಳು. ಇಪ್ಪತ್ತು ದಿನ ಸಸಿ ಹಸಿರಾಗಿಯೇ ಇತ್ತು. ನಾನು ಒಳಗೊಳಗೇ ಸಮಾಧಾನಪಟ್ಟೆ, ಮೂರಡಿ ಸಾಕಾಯಿತು ನೋಡು, ಸುಮ್ಮನೆ ಗಾಬರಿಯಾದೆ ಎಂದು. ಆಮೇಲೆ ಮೇಲಿನವರ ಗದ್ದೆಗಳು ಉಕ್ಕಿದವು. ನೀರು ನನ್ನ ಬದುವಿಗೆ ಬಡಿದು ಹಿಂದಕ್ಕೆ ತಿರುಗಿತು. ಆಕೆಯ ಗದ್ದೆ ಒಂದು ವಾರ ಕೆರೆಯಾಗಿತ್ತು. ಆಕೆ ಮೊಣಕಾಲವರೆಗೆ ನೀರಿನಲ್ಲಿ ನಿಂತು, ಒಂದೊಂದೇ ಸಸಿಯ ಬುಡ ಕೈಯಿಂದ ಮುಟ್ಟಿ ನೋಡುತ್ತಿದ್ದಳು. ಕೊಳೆತದ್ದು ಕೈಗೆ ಕಿತ್ತು ಬರುತ್ತಿತ್ತು. ನಾನು ನನ್ನ ಬದುವಿನ ಮೇಲೆ ನಿಂತಿದ್ದೆ. ಸಲಿಕೆ ಕೈಯಲ್ಲೇ ಇತ್ತು. ಬದುವಿಗೆ ನಾಲ್ಕು ಏಟು ಹಾಕಿದ್ದರೆ ನೀರು ನನ್ನ ಗದ್ದೆಗೆ ನುಗ್ಗಿ ಹೊಳೆಗೆ ಹೋಗುತ್ತಿತ್ತು. ನನ್ನ ಗದ್ದೆಯಲ್ಲಿ ಭತ್ತ ಹುಲುಸಾಗಿ ನಿಂತಿತ್ತು. ಏಟು ಹಾಕಲಿಲ್ಲ.

"ಇನ್ನ ಇಳೀತದ ಅಕ್ಕ" ಎಂದು ಕೂಗಿದೆ. ನನ್ನಂಥ ನಾಚಿಕೆಗೆಟ್ಟವನು ಇನ್ನೇನು ಕೂಗಿಯಾನು?

ಆಕೆ ಮಗನಿಗೆ ಕೊಟ್ಟ ಮಾತು ಉಳಿಸಿಕೊಂಡಳು. ದೀಪಾವಳಿ ಕಳೆದು ನೆಲ ಆರಿದ ಮೇಲೆ ಭಟ್ಟಿಯವರು ಬಂದರು. ಆಳುದ್ದ ಮಣ್ಣು ತೆಗೆದರು. ಆಕೆಯ ಮಾವನ ಕಾಲದಿಂದ ಗೊಬ್ಬರ ಹಾಕಿ ಮಾಗಿಸಿದ ಕರಿಮಣ್ಣು ಟ್ರ್ಯಾಕ್ಟರ್ ಟ್ರ್ಯಾಕ್ಟರ್ ಹೋಯಿತು. ಆಕೆ ನೋಡಲು ಬರಲಿಲ್ಲ. ನಾನು ದಿನಾ ನೋಡಿದೆ, ನನ್ನ ಗದ್ದೆಯ ಪಕ್ಕವೇ ಅಲ್ಲವೇ. ಒಂದೂವರೆ ಎಕರೆ ಗುಂಡಿಯಾಯಿತು.

ಅದನ್ನು ನೋಡೀ ನೋಡೀ ನನಗೆ ಅನ್ನ ಇಳಿಯದ ಹಾಗಾಯಿತು. ಮರುವರ್ಷದ ಬೇಸಿಗೆಯ ಸಭೆಯಲ್ಲಿ ನಾನೇ ಎದ್ದು ನಿಂತೆ. "ಕಲ್ಲು ನನ್ನ ಗದ್ದ್ಯಾಗ ಐತಿ. ನಾನೂ ನಮ್ಮಪ್ಪನೂ ಹುಗಿದ್ವಿ. ಐದಡಿ ಬಸಿಗಾಲುವಿ ನಾನು ನುಂಗೀನಿ" ಎಂದೆ. ಯಾರಾದರೂ ಎದ್ದು ಬಂದು ಕಪಾಳಕ್ಕೆ ಬಿಗಿಯಲಿ ಎಂದು ಕಾದೆ.

ಯಾರೂ ಎದ್ದು ಬರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಬದುವನ್ನು ನೆನೆಸಿಕೊಳ್ಳುತ್ತಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನದು ಕಳ್ಳತನವಾದರೆ ಅವರದೇನು? ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. "ನುಂಗೀನಿ ಗಿಂಗೀನಿ ಯಾಕಂತೀಯೋ ಮಾರಾಯ. ಊರಿನ ಸಲುವಾಗಿ ಐದಡಿ ಬಿಟ್ಟುಕೊಡಾಕತ್ತಿ. ಇದು ದಾನ. ಎಲ್ಲರೂ ಚಪ್ಪಾಳಿ ಹೊಡೀರಿ." ಹೊಡೆದರು! ನನ್ನ ಕಿವಿಯಾರೆ ಕೇಳಿದೆ. ಕಳ್ಳರ ಸಭೆಯಲ್ಲಿ ಕಳವು ಒಪ್ಪಿಕೊಂಡವನು ದಾನಿಯಾದ. ನನ್ನದು ದಾನವಾದ ಮೇಲೆ ಅವರದೂ ದಾನವಾಯಿತು, ಎಲ್ಲರೂ ಎದೆಯುಬ್ಬಿಸಿ ತಮ್ಮ ತಮ್ಮ ಪಾಲಿನ ಅಡಿಗಳನ್ನು ಬಿಟ್ಟುಕೊಟ್ಟರು. ವಾರದೊಳಗೆ ಎಂಟಡಿಯ ಬಸಿಗಾಲುವೆ ತಯಾರು.

ಶಾಲಿನ ಕಾರ್ಯಕ್ರಮ ಬಸಿಗಾಲುವೆಯ ದಂಡೆಯ ಮೇಲೇ ನಡೆಯಿತು. ಬೇಡ ಎನ್ನಬಹುದಿತ್ತು. ಮೈಕಿನಲ್ಲಿ ನನ್ನನ್ನು ಕರೆದರು, ನಾನು ಎದ್ದು ಹೋದೆ, ಕುತ್ತಿಗೆ ಬಗ್ಗಿಸಿದೆ. ಅಧ್ಯಕ್ಷನನ್ನು ಎಷ್ಟು ಬೇಕಾದರೂ ಬಯ್ಯಬಲ್ಲೆ, ಆದರೆ ಬಗ್ಗಿದ ಕುತ್ತಿಗೆ ನನ್ನದು. ಶಾಲು ಹೊಸದು, ಮೆತ್ತಗಿತ್ತು, ಒಂದು ಗಳಿಗೆ ನನಗೆ ಹಿತವಾಯಿತು. ಆ ಹಿತ ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ.

ಅಗೆದು ತೆಗೆದ ಚಪ್ಪಡಿಯನ್ನು ಪಕ್ಕದಲ್ಲೇ ಇಟ್ಟಿದ್ದರು. ಇದನ್ನು ಸಂಘದ ಮುಂದೆ ನಿಲ್ಲಿಸಿ ದಾನಿಗಳ ಹೆಸರು ಕೆತ್ತಿಸೋಣ ಎಂದ ಅಧ್ಯಕ್ಷ. ಆಗ ಹಿಂದಿನಿಂದ ಅಕ್ಕನ ದನಿ ಬಂತು. ಆಕೆ ಬಂದಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ.

"ಆ ಕಲ್ಲು ನನಗ ಕೊಡ್ರಿ. ಗದ್ದಿ ಅಂತೂ ಹೋತು, ಕಲ್ಲಾದ್ರೂ ಇರಲಿ."

ಟ್ರ್ಯಾಕ್ಟರಿನಲ್ಲಿ ಹಾಕಿ ಆಕೆಯ ಮನೆಯ ಮುಂದೆ ಇಳಿಸಿದರು. ಈಗ ಅದು ಆಕೆಯ ಕಟ್ಟೆ.

ಬಸಿಗಾಲುವೆ ಚೆನ್ನಾಗಿ ಹರಿಯುತ್ತಿದೆ. ಮೇಲಿನವರ ಗದ್ದೆಗಳ ಬಿಳುಪು ಇಳಿಯುತ್ತಿದೆ, ಹುಡುಗಿ ಅಧಿಕಾರಿ ಬೇರೆ ಊರಿನ ರೈತರನ್ನು ಕರೆತಂದು ತೋರಿಸುತ್ತಾಳೆ. ಆ ನೀರು ಅಕ್ಕನ ಗುಂಡಿಗೆ ಬಿದ್ದು, ತುಂಬಿ, ಅಲ್ಲಿಂದ ಹೊಳೆಗೆ ಹೋಗುತ್ತದೆ. ನಮ್ಮೆಲ್ಲರ ಉಪ್ಪೂ ಅಲ್ಲೇ ತಂಗುತ್ತದೆ. ಬಂದವರಿಗೆ ಅದನ್ನು ಮೀನಿನ ಹೊಂಡ ಎಂದು ಅಧ್ಯಕ್ಷ ತೋರಿಸುತ್ತಾನೆ. ಈ ವರ್ಷ ನಾಟಿಗೆ ಮುಂಚೆ ಮೇಲಿನ ಮೂರು ಗದ್ದೆಯವರು ಬಸಿಗಾಲುವೆಯ ಕಡೆ ಮಣ್ಣು ಮೆತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. ನಾಲ್ಕೇ ಬೆರಳು.

ಗದ್ದೆಗೆ ಹೋಗುವ ದಾರಿ ಇರುವುದು ಅಕ್ಕನ ಮನೆಯ ಮುಂದೆಯೇ. ಮೊನ್ನೆ ಬೆಳಿಗ್ಗೆ ಆಕೆ ಕಲ್ಲಿನ ಮೇಲೆ ಕೂತು ಅಂಗಡಿಯ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತದೆ ಕರೆದಳು.

"ಬಾ ತಮ್ಮಾ, ಕುಂದ್ರು. ಹತ್ತಡಿ ಐತಿ, ನಿನಗೂ ಜಾಗ ಐತಿ."

"ಕೆಲಸ ಐತಕ್ಕ" ಎಂದೆ.

ಆಕೆ ಆಗ ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಹೆಗಲ ಮೇಲಿದ್ದ ಸಲಿಕೆ ನೋಡಿದಳು.

"ಹೋಗು ಹಂಗಾದ್ರ" ಎಂದಳು. "ಬದು ಕೆತ್ತೋದಿರ್ತದ."