ಸಸ್ತಾ ಸಮುದ್ರ

ವಿದೇಶ ಪ್ರವಾಸದಲ್ಲಿ ವಿಮಾನದ ಟಿಕೆಟ್ಟಿಗೆ ಕೊಟ್ಟ ಹಣ ಅಷ್ಟಾಗಿ ನೋಯಿಸುವುದಿಲ್ಲ ಎಂಬುದು ನನ್ನ ಅನುಭವ. ಅದು ದೊಡ್ಡ ಮೊತ್ತ. ಹಲ್ಲು ಕೀಳಿಸಿಕೊಂಡ ಹಾಗೆ ಒಂದೇ ಸಲ ಹೋಗುತ್ತದೆ, ಮರೆತೂ ಹೋಗುತ್ತದೆ. ಜೀವ ತಿನ್ನುವುದು ಅಲ್ಲಿ ಮುಟ್ಟಿದ ಮೇಲಿನ ಸುತ್ತಾಟ. ಕೋಟೆ ನೋಡಲು ಇಷ್ಟು, ಆಮೆ ನೋಡಲು ಇಷ್ಟು, ಹೊಳೆಯಲ್ಲಿ ದೋಣಿಗೆ ಇಷ್ಟು ಎಂದು ಯಾರಾದರೂ ಬಣ್ಣದ ಹಾಳೆಯೊಂದನ್ನು ಕೈಗಿಟ್ಟಾಗ ನಮ್ಮ ಮನೆಯವರ ಮುಖ ನೋಡಬೇಕು. ಅದು ಒಂದೇ ಸಲಕ್ಕೆ ಕೀಳದೆ ದಿನವೂ ನೋಯುವ ಹಲ್ಲು.

ನಮ್ಮ ಮನೆಯವರು ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ವಿಭಾಗದ ನೌಕರರು. ಹೆಸರು ಮಲ್ಲಿಕಾರ್ಜುನ. ಅವರನ್ನು ಜಿಪುಣರೆಂದರೆ ನನ್ನ ಬಾಯಲ್ಲಿ ಹುಳ ಬೀಳಬೇಕು. ಮದುವೆ ಮುಂಜಿಗೆ, ದಾಸೋಹಕ್ಕೆ, ಆಸ್ಪತ್ರೆಗೆ ಸೇರಿದವರಿಗೆ ಕೈಬಿಚ್ಚಿ ಕೊಡುತ್ತಾರೆ. ಆದರೆ ಅವರಿಗೊಂದು ಸಿದ್ಧಾಂತವಿದೆ. "ತಿನ್ನೂದಕ್ಕ ಕೊಡ್ತೀನಿ, ಉಡೂದಕ್ಕ ಕೊಡ್ತೀನಿ. ಬರೇ ಕಣ್ಣಿಲೆ ನೋಡೂದಕ್ಕ ರೊಕ್ಕ ಯಾಕ ಕೊಡಬೇಕು?" ಈ ಸಿದ್ಧಾಂತದ ಪ್ರಕಾರ ನಾವು ಸಂಸಾರ ಹೂಡಿ ಇಷ್ಟು ವರ್ಷವಾದರೂ ಒಂದು ಸರ್ಕಸ್ಸು ನೋಡಿಲ್ಲ. ಸರ್ಕಸ್ಸಿನ ಆನೆಗೆ ನೀರು ಕುಡಿಸಲು ಕರೆದೊಯ್ಯುವಾಗ ಹಿಂದೆ ಹಿಂದೆ ಹೋಗಿ ನೋಡಿದ್ದೇವೆ.

ಇಂಥವರು ಶ್ರೀಲಂಕೆಗೆ ಹೊರಟಿದ್ದು ಹೇಗೆಂದರೆ, ಅವರ ಅಕ್ಕನ ದೆಸೆಯಿಂದ. ನೀಲಕ್ಕ ಸೇಡಂನಲ್ಲಿರುತ್ತಾಳೆ. ಗಂಡ ಬೇಗ ತೀರಿಕೊಂಡ. ಹೊಲಿಗೆ ಯಂತ್ರದ ಮುಂದೆ ಕುಳಿತು, ಊರವರ ಜಂಪರು ಹೊಲಿದು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದಾಕೆ. ಕಿರಿಮಗಳ ಬಾಣಂತನವೂ ಮುಗಿದ ಮೇಲೆ ಒಂದು ದಿನ ವಾಡಿಗೆ ಬಂದು, ಚಹಾ ಕುಡಿಯುತ್ತ, ತಾನು ಸಮುದ್ರ ನೋಡಬೇಕು ಎಂದಳು. ಶ್ರೀಲಂಕೆಗೆ ಹೋಗಿ ಬಂದ ಗಿರಾಕಿಯೊಬ್ಬಳು ಫೋಟೊ ತೋರಿಸಿದ್ದಳಂತೆ. ಗೋವಾಕ್ಕೆ ಹೋಗುವ ಖರ್ಚಿನಲ್ಲೇ ಅದೂ ಆಗುತ್ತದೆ ಎಂದಿದ್ದಳಂತೆ.

"ನೀರು ನೋಡಾಕ ಪರದೇಶಕ್ಕ ಯಾಕಕ್ಕಾ?" ಎಂದರು ತಮ್ಮ. "ಚಂದ್ರಂಪಳ್ಳಿ ಡ್ಯಾಮ್ ಇಲ್ಲೇನು? ಬಸ್ ಚಾರ್ಜಿನ್ಯಾಗ ಮುಗೀತದ."

"ಚಂದ್ರಂಪಳ್ಳ್ಯಾಗ ಆಚೀ ದಂಡಿ ಕಾಣ್ತದಪ್ಪ," ಎಂದಳು ನೀಲಕ್ಕ. ದಂಡಿ ಎಂದರೆ ನಮ್ಮ ಕಡೆ ದಡ. "ನನಗ ದಂಡಿ ಕಾಣಲಾರದ ನೀರು ನೋಡಬೇಕಾಗೇದ. ನನ್ನ ಖರ್ಚು ನಂದು. ನೀವು ಬರ್ತೀರೋ, ಇಲ್ಲೋ?"

ವಿಧವೆ ಅಕ್ಕನನ್ನು ಒಬ್ಬಳನ್ನೇ ಕಳುಹಿಸುವುದೆಂತು? ಹೋಗುವುದು ನಿಶ್ಚಯವಾಯಿತು. ಹೋಗುವುದು ನಿಶ್ಚಯವಾದ ಗಳಿಗೆಯಲ್ಲೇ ನಮ್ಮ ಮನೆಯವರು ಇನ್ನೊಂದನ್ನೂ ನಿಶ್ಚಯಿಸಿಬಿಟ್ಟರು: ಅಲ್ಲಿ ಯಾವ ಟೂರಿನವನ ಕೈಗೂ ಸಿಗುವುದಿಲ್ಲ.

ನಾವು ಇಳಿದುಕೊಂಡದ್ದು ವೆಲಿಗಾಮ ಎಂಬ ಕಡಲೂರಿನಲ್ಲಿ, ಕುಸುಮಾ ಎಂಬ ಹೆಣ್ಣುಮಗಳ ಮನೆಯ ಮೇಲಿನ ಕೋಣೆಗಳಲ್ಲಿ. ಆಕೆಯದು ಸಿಂಹಳ, ಜೊತೆಗೆ ನಾಲ್ಕು ಮಾತು ಇಂಗ್ಲಿಷು. ಮೊದಲ ದಿನವೇ ಆಕೆ ನೀಲಕ್ಕನನ್ನು "ಅಕ್ಕಾ" ಎಂದು ಕರೆದಳು. ನೀಲಕ್ಕ ಬೆರಗಾಗಿ ನನ್ನ ಮುಖ ನೋಡಿದಳು. ಅವರ ಭಾಷೆಯಲ್ಲೂ ಅಕ್ಕ ಎಂದರೆ ಅಕ್ಕನೇ ಎಂದು ಆಮೇಲೆ ತಿಳಿಯಿತು. ಅಷ್ಟು ಸಾಕಾಯಿತು, ಅಂದಿನಿಂದ ನೀಲಕ್ಕ ಆಕೆಯೊಡನೆ ಅಚ್ಚ ಸೇಡಂ ಕನ್ನಡದಲ್ಲಿ ಮಾತಾಡತೊಡಗಿದಳು, ಆಕೆ ಸಿಂಹಳದಲ್ಲಿ ಉತ್ತರಿಸತೊಡಗಿದಳು. ಊರಿನಿಂದ ತಂದ ಒಣ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಪುಡಿ ಕೊಟ್ಟು ಆಕೆಯಿಂದ ತೆಂಗಿನಕಾಯಿಯ ಚಟ್ನಿ ಪಡೆದದ್ದೂ ಆಯಿತು. ಇಂಗ್ಲಿಷ್ ಬಲ್ಲ ನಾನು ಬಚ್ಚಲುಮನೆ ಬಿಸಿನೀರಿನ ಬಗ್ಗೆ ವಿಚಾರಿಸಲು ಪಟ್ಟ ಪಾಡು ಬೇರೆ.

ಮೊದಲ ದಿನಗಳು ನಮ್ಮ ಮನೆಯವರ ವಿಜಯಯಾತ್ರೆ. ಗಾಲೆಯ ಕೋಟೆಗೆ ಕಾರು ಮಾಡಿಕೊಡುತ್ತೇವೆಂದು ಬಂದವರನ್ನು ಕೈಮುಗಿದು ಸಾಗಹಾಕಿ, ಮೂರನೇ ದರ್ಜೆಯ ರೈಲಿನಲ್ಲಿ ಕರೆದೊಯ್ದರು. ಆ ರೈಲು ಓಡುವುದೇ ಸಮುದ್ರದ ಅಂಚಿನಲ್ಲಿ. ಕಿಟಕಿಯಿಂದ ಕೈ ಚಾಚಿದರೆ ತೆರೆ ಸಿಕ್ಕೀತು ಎನ್ನುವಷ್ಟು ಹತ್ತಿರ. ಕಾರಿನಲ್ಲಿ ಹೋದವರಿಗೆ ಕಂಡದ್ದು ಮುಂದಿನ ಕಾರಿನ ಬೆನ್ನು ಮಾತ್ರ. ಕೋಟೆಯೊಳಗೆ ಹೋಗಲು ಹಣವೇ ಕೇಳಲಿಲ್ಲ. ಇವರು ಗೋಡೆಯ ಮೇಲೆ ನಿಂತು, ಆ ಕೋಟೆಯನ್ನು ತಾವೇ ಗೆದ್ದವರಂತೆ ಸುತ್ತ ನೋಡಿದರು.

ಇನ್ನೊಂದೆಡೆ, ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಕುಳಿತು ಗಾಳ ಹಾಕುವವರನ್ನು ಕಂಡೆವು. ನೋಡುತ್ತ ನಿಂತಿದ್ದಾಗ ಒಬ್ಬಾತ ಬಂದು ಫೋಟೊ ತೆಗೆದದ್ದಕ್ಕೆ ಹಣ ಕೇಳಿದ. ಇವರು ತಮ್ಮ ಫೋನು ತೆರೆದು ಒಂದೊಂದೇ ಚಿತ್ರ ಸರಿಸುತ್ತ ತೋರಿಸಿದರು: ವಾಡಿಯ ಸಿಗ್ನಲ್ ಪೆಟ್ಟಿಗೆ, ನಮ್ಮ ಮನೆಯ ಸೋರುವ ನಲ್ಲಿ, ಅಣ್ಣನ ಮಗನ ಸೀಮಂತಪುತ್ರ. ಕಂಬದ ಮೇಲಿನವರ ಚಿತ್ರ ಒಂದೂ ಇರಲಿಲ್ಲ. ಆತ ಕೂಸು ಚೆನ್ನಾಗಿದೆ ಎಂದು ಸನ್ನೆ ಮಾಡಿ ಹೋದ. ಸುಳ್ಳೇಕೆ ಹೇಳಲಿ, ಆ ಹೊತ್ತಿಗೆ ನನಗೂ ಈ ಆಟದ ರುಚಿ ಹತ್ತಿತ್ತು. ಪುಕ್ಕಟೆ ಕಂಡ ಸೂರ್ಯಾಸ್ತ ಹಣ ಕೊಟ್ಟು ಕಂಡದ್ದಕ್ಕಿಂತ ಒಂದು ಪಾಲು ಕೆಂಪಗಿರುತ್ತದೆ.

ಹಾಗೆ ಮರಳಿನ ಮೇಲೆ ಕುಳಿತಾಗ ನನಗೆ ನಮ್ಮ ಕಾಲೇಜಿನ ಭೂಗೋಳದ ಮೇಷ್ಟ್ರು ನೆನಪಾದರು. ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು ಒಂದಾನೊಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಕೆಸರು ಎಂದು ಅವರು ಹೇಳಿದ್ದರು. ವಾಡಿಯ ಸಿಮೆಂಟೂ ಆ ಸುಣ್ಣದ ಕಲ್ಲಿನದೇ. ಅಂದರೆ ನಾವೆಲ್ಲ ಹುಟ್ಟಿದಾಗಿನಿಂದ ಸಮುದ್ರದ ನೆಲದ ಮೇಲೇ ಅಂಬೆಗಾಲಿಟ್ಟವರು. ನೀರು ಮಾತ್ರ ನಾವು ಬರುವ ಮೊದಲೇ ಎದ್ದು ಹೋಗಿತ್ತು. ಇದನ್ನು ನೀಲಕ್ಕನಿಗೆ ಹೇಳಿದೆ. ಆಕೆ ಕೇಳಿ, "ಅದಕ್ಕ ನಮ್ಮ ಮನ್ಯಾಗ ಕಾಲು ಅಷ್ಟು ತಣ್ಣಗಾಗ್ತಾವ," ಎಂದು ಒಪ್ಪಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿ, "ಮಲ್ಲು, ಇಲ್ಲಿಂದ ನೋಡಿದ್ದು ಸಾಕು. ನಾ ಒಳಗ ಹೋಗಬೇಕು," ಎಂದಳು.

ಒಳಗೆ ಎಂದರೆ ಸಮುದ್ರದೊಳಗೆ. ಪಕ್ಕದ ಮಿರಿಸ್ಸಾ ಬಂದರಿನಿಂದ ಬೆಳಗಿನ ಜಾವ ದೊಡ್ಡ ದೋಣಿಗಳು ತಿಮಿಂಗಿಲ ತೋರಿಸಲು ದೂರ ಹೋಗುತ್ತವೆ. ಅವುಗಳ ದರ ಕೇಳಿದಾಗ ಇವರು ಸಮುದ್ರದ ಕಡೆ ಬೆನ್ನು ಮಾಡಿ ಕೂತರು. ಆದರೆ ಅಕ್ಕನ ಮಾತು ತೆಗೆದುಹಾಕುವಂತಿಲ್ಲ. ಮರುದಿನ ಇಡೀ ಬೆಳಗು ದಡದುದ್ದಕ್ಕೂ ವಿಚಾರಿಸಿ, ಮೀನು ಹಿಡಿಯುವ ಮುದುಕನೊಬ್ಬನನ್ನು ಗೊತ್ತು ಮಾಡಿಕೊಂಡು, ಹಬ್ಬದ ಕಳೆ ಹೊತ್ತು ಬಂದರು. ದೊಡ್ಡ ದೋಣಿಯ ದರದಲ್ಲಿ ನಾಲ್ಕನೇ ಒಂದು ಪಾಲು ಕೊಟ್ಟರೆ ಮೂವರನ್ನೂ ಒಯ್ಯುತ್ತಾನೆ.

ಹೋಗಿ ನೋಡಿದರೆ ಅದು ತೊಟ್ಟಿಲಿಗಿಂತ ತುಸು ಉದ್ದವಾದ ದೋಣಿ. ದಡದ ನೀರಿನಲ್ಲೇ ಹೊಯ್ದಾಡುತ್ತಿತ್ತು. ನೀಲಕ್ಕ ಸೀರೆ ಎತ್ತಿ ಕಟ್ಟಿ, ತಮ್ಮನ ಹೆಗಲು ಹಿಡಿದು, ಒಂದು ಕಾಲು ಒಳಗಿಟ್ಟೇಬಿಟ್ಟಳು.

"ಮೈಮ್ಯಾಲ ಹಾಕ್ಕೊಳ್ಳೂ ಆ ಕೇಸರಿ ಅಂಗಿ ಎಲ್ಲದ?" ಎಂದೆ ನಾನು. ದೊಡ್ಡ ದೋಣಿಯವರೆಲ್ಲ ತೇಲುವ ಜಾಕೆಟ್ ತೊಟ್ಟಿದ್ದನ್ನು ನೋಡಿದ್ದೆವು. ಸನ್ನೆ ಮಾಡಿ ಕೇಳಿದಾಗ ಮುದುಕ ನಕ್ಕು ತಲೆಯಾಡಿಸಿದ. ಅಂಥದ್ದು ಅವನ ಹತ್ತಿರ ಇರಲಿಲ್ಲ.

"ಅವ್ರು ದಿನಾ ಹಿಂಗೇ ಹೋಗ್ತಾರ. ಏನಾಗ್ತದ?" ಎಂದರು ಇವರು.

"ಅವ್ರಿಗಿ ಈಸು ಬರ್ತದ. ನಿಮಗ ಬರ್ತದೇನ್ರಿ?"

ಅಷ್ಟರಲ್ಲಿ ನೀಲಕ್ಕ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಸಿಟ್ಟಿರಲಿಲ್ಲ, ದನಿಯೂ ಏರಲಿಲ್ಲ. "ಸಸ್ತಾ ಆಗ್ತದ ಅಂತ ನೀರಾಗ ಬೀಳಾಕ ಬಂದಿಲ್ಲ ನಾ. ದೊಡ್ಡ ದೋಣ್ಯಾಗ ಹೋಗ್ತೀನಿ."

"ಅಷ್ಟು ರೊಕ್ಕ? ಒಂದು ಮೀನು ನೋಡಾಕ?"

"ನಿನ್ನ ರೊಕ್ಕ ನಾ ಕೇಳಿಲ್ಲ, ಮಲ್ಲು."

ಸಂಜೆ ಆಕೆ ಕುಸುಮಾಳನ್ನು ಜೊತೆಗೆ ಕರೆದುಕೊಂಡು ಹೋಗಿ ಟಿಕೆಟ್ ತಂದಳು. ಒಂದೇ ಟಿಕೆಟ್. ನಾನೂ ಬರುತ್ತೇನೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಇಷ್ಟು ದಿನ ಗೆದ್ದುಕೊಂಡು ಬಂದ ಆಟವನ್ನು ಕಡೆಯಲ್ಲಿ ಸೋಲಲು ಮನಸ್ಸಾಗದೆ, "ನಾವು ಇಲ್ಲೇ ಕುಂದರ್ತೀವಿ, ಅಕ್ಕಾರ. ನೀವು ಹೋಗಿ ಬರ್ರಿ," ಎಂದುಬಿಟ್ಟೆ.

ಮರುದಿನ ಬೆಳಗ್ಗೆ ಮಿರಿಸ್ಸಾ ಬಂದರಿನಲ್ಲಿ ನೀಲಕ್ಕ ಕೇಸರಿ ಜಾಕೆಟ್ಟನ್ನು ಇಳಕಲ್ ಸೀರೆಯ ಮೇಲೆ ತೊಟ್ಟು, ಬಿಳಿಯರ ನಡುವೆ ಕುಳಿತು, ನಮ್ಮ ಕಡೆ ಒಮ್ಮೆ ಕೈ ಬೀಸಿ ಹೊರಟುಹೋದಳು. ದೋಣಿ ಸಣ್ಣದಾಯಿತು, ಚುಕ್ಕೆಯಾಯಿತು, ಇಲ್ಲವಾಯಿತು.

ಆಮೇಲಿನ ಹೊತ್ತನ್ನು ಹೇಗೆ ಹೇಳಲಿ? ವಾಡಿಯಲ್ಲಿ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದು ಎಲ್ಲಿದೆ ಎಂಬುದು ಇವರ ಮುಂದಿನ ಫಲಕದ ಮೇಲೆ ದೀಪವಾಗಿ ತೋರುತ್ತದೆ. ಹಳಿ ಬಿಟ್ಟು ಅದು ಎಲ್ಲಿಗೂ ಹೋಗುವಂತಿಲ್ಲ. ಇಲ್ಲಿ ಹಳಿ ಇಲ್ಲ, ದೀಪ ಇಲ್ಲ, ಅಕ್ಕ ಮಾತ್ರ ಹೋಗಿದ್ದಾಳೆ. ಬಿಸಿಲೇರಿದಂತೆ ಗಾಳಿಯೂ ಏರಿತು. ತೆರೆಗಳ ತಲೆಯ ಮೇಲೆ ಬಿಳಿ ನೊರೆ ಕಾಣತೊಡಗಿತು.

"ನೀನರೆ ಹೋಗಬೇಕಿತ್ತು ಆಕಿ ಜೋಡಿ," ಎಂದರು ಇವರು.

"ನೀವ್ಯಾಕ ಹೋಗ್ಲಿಲ್ಲ?"

ಎಳನೀರಿನವನು ಬಂದ. ಇವರು ಚೌಕಾಸಿ ಮಾಡದೆ, ಕೇಳಿದಷ್ಟು ಕೊಟ್ಟು, ಎರಡು ಎಳನೀರು ತೆಗೆದುಕೊಂಡು ಕುಡಿಯದೆ ಹಿಡಿದುಕೊಂಡೇ ಕುಳಿತರು. ನನಗೆ ನಿಜವಾಗಿ ಭಯವಾದದ್ದು ಆಗ.

ದೋಣಿಗಳು ಒಂದೊಂದಾಗಿ ಮರಳತೊಡಗಿದವು. ಇಳಿದವರಲ್ಲಿ ಸೀರೆಯುಟ್ಟವರು ಯಾರೂ ಇಲ್ಲ. ಇವರು ಒಂದು ದೋಣಿಯಿಂದ ಇನ್ನೊಂದಕ್ಕೆ ಓಡಿ, "ಮೈ ಸಿಸ್ಟರ್, ಮೈ ಸಿಸ್ಟರ್," ಎಂದು ಕಂಡಕಂಡವರನ್ನು ಕೇಳಿದರು. ನಾನು ಬಸವಣ್ಣನನ್ನೂ ನಮ್ಮೂರ ಹನುಮಪ್ಪನನ್ನೂ ಒಟ್ಟಿಗೆ ನೆನೆದೆ. ಎಲ್ಲಕ್ಕಿಂತ ಕೊನೆಗೆ ಒಂದು ದೋಣಿ ಬಂತು. ದಪ್ಪನೆಯ ಬಿಳಿ ಹೆಂಗಸೊಬ್ಬಳ ತೋಳಿಗೆ ಆತುಕೊಂಡು, ಮುಖವೆಲ್ಲ ಬಿಳಿಚಿದ ನೀಲಕ್ಕ ಇಳಿದಳು. ಇವರು ಪ್ಯಾಂಟು ತೋಯುವುದನ್ನೂ ನೋಡದೆ ನೀರಿಗಿಳಿದು ಆಕೆಯ ಕೈ ಹಿಡಿದರು.

"ಏನಾತಕ್ಕಾ?"

"ಏನಾಗ್ಲಿ? ಹೊಟ್ಟ್ಯಾಗಿಂದೆಲ್ಲ ಹೊರಗ ಬಂತು. ಈಕಿ ಭಾಳ ಚಲೋ ಹೆಣಮಗಳು. ಬೆನ್ನು ತಿಕ್ಕಿದಳು."

ನೆರಳಿಗೆ ಕೂರಿಸಿ, ಹಿಡಿದೇ ಇದ್ದ ಎಳನೀರು ಕುಡಿಸಿದೆವು. ಮುಖಕ್ಕೆ ಬಣ್ಣ ಮರಳಿತು. ಆಗ ಇವರು, ತಡೆಯಲಾಗದೆ, ತಿಮಿಂಗಿಲ ಹೇಗಿತ್ತೆಂದು ಕೇಳಿದರು.

"ನಾ ನೋಡ್ಲಿಲ್ಲ."

"ನೋಡ್ಲಿಲ್ಲ?"

"ಬಂತಂತ. ಎಲ್ಲಾರೂ ಎದ್ದು ಆ ಕಡಿ ಓಡಿದರು. ಈ ಕಡಿ ಖಾಲಿ ಆತು ನೋಡು, ನಾ ಈ ಕಡೀನೆ ನಿಂತೆ."

ಇವರ ಬಾಯಿ ತೆರೆದದ್ದು ತೆರೆದೇ ಇತ್ತು. ಅಷ್ಟು ಹಣ ಕೊಟ್ಟು, ಅಷ್ಟು ವಾಂತಿ ಮಾಡಿಕೊಂಡು, ಬೆನ್ನ ಹಿಂದೆಯೇ ಬಂದ ತಿಮಿಂಗಿಲದ ಕಡೆ ತಿರುಗಿ ಕೂಡ ನೋಡದವರನ್ನು ಅವರು ಈ ಮೊದಲು ಕಂಡಿರಲಿಲ್ಲ.

ನೀಲಕ್ಕ ನನ್ನ ಕಡೆ ತಿರುಗಿದಳು. "ಮುಂದ ನೀರು, ಹಿಂದ ನೀರು. ಮೊದಲು ಅಂಜಿಕಿ ಬಂತು, ಆಮ್ಯಾಲ ಅದೂ ಹೋತು. ಇಷ್ಟು ವರ್ಷ ಮಶೀನಿನ ಮುಂದ ಕುಂತು ತಲಿ ಎತ್ತಿದ್ರ, ಯಾರದರೆ ಒಂದು ಗ್ವಾಡಿ ಕಾಣ್ತಿತ್ತು. ಇವತ್ತು ಏನೂ ಕಾಣಲಿಲ್ಲ. ಕಣ್ಣು ಎಷ್ಟು ದೂರ ಹೋಗ್ತದೋ ಅಷ್ಟು ದೂರ ಹೋತು."

ಕೋಣೆಗೆ ಮರಳಿದಾಗ ಕುಸುಮಾ ಶುಂಠಿ ನೀರು ಕಾಯಿಸಿಟ್ಟಿದ್ದಳು. ಅವರಿಬ್ಬರೂ ತಮ್ಮ ತಮ್ಮ ಭಾಷೆಗಳಲ್ಲಿ ಆ ದಿನದ ಕಥೆಯನ್ನೆಲ್ಲ ಮಾತಾಡಿ ಮುಗಿಸಿದರು.

ಮರುದಿನ ನಾನು ಏಳುವಷ್ಟರಲ್ಲಿ ಪಕ್ಕ ಖಾಲಿಯಾಗಿತ್ತು. ಬೆಳಕು ಹರಿದ ಮೇಲೆ ಇವರು ಮರಳಿದರು. ನನಗೂ ತಮಗೂ ಟಿಕೆಟ್ ಕೊಳ್ಳಲೆಂದು ಬಂದರಿಗೆ ಹೋಗಿದ್ದರಂತೆ. ಚೌಕಾಸಿ ಮಾಡಬಾರದೆಂದು ದಾರಿಯುದ್ದಕ್ಕೂ ಗಟ್ಟಿ ಮನಸ್ಸು ಮಾಡಿಕೊಂಡಿದ್ದರಂತೆ. ಗಾಳಿ ಜೋರಾಗಿ ಅಂದು ಒಂದು ದೋಣಿಯನ್ನೂ ಬಿಡಲಿಲ್ಲ. ಅದರ ಮರುದಿನ ನಮ್ಮ ವಿಮಾನ. ತಂದ ಹಣ ಜೇಬಿನಲ್ಲಿ ಇದ್ದ ಹಾಗೇ ಇತ್ತು. ಉಳಿತಾಯವಾದದ್ದಕ್ಕೆ ಅಷ್ಟು ದುಃಖಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಊರಿಗೆ ಬಂದ ಮೇಲೆ ಮೂರನೇ ದರ್ಜೆಯ ರೈಲು, ಪುಕ್ಕಟೆ ಕೋಟೆಯ ವಿಷಯ ಇವರು ಕೇಳಿದವರಿಗೆಲ್ಲ ಹೇಳಿದರು, ಈಗಲೂ ಹೇಳುತ್ತಾರೆ. ಅವೆಲ್ಲ ನಿಜ, ಹೋಗುವವರಿದ್ದರೆ ನೀವೂ ಹಾಗೆಯೇ ಮಾಡಿ. ಆದರೆ ನೆಂಟರು ಸೇರಿದಾಗ ಕಥೆ ಹೇಳಲು ಎಲ್ಲರೂ ಕೇಳುವುದು ನೀಲಕ್ಕನನ್ನು. ಹೋದ ವಾರ ಆಕೆ ಸೇಡಂನಿಂದ ಫೋನು ಮಾಡಿದಳು. ಯಾರೋ ಗಿರಾಕಿ ಹಿಮದ ಬೆಟ್ಟದ ಫೋಟೊ ತೋರಿಸಿದ್ದಾಳೆ. ಖರ್ಚೆಷ್ಟು, ಎಲ್ಲಿ ಸಸ್ತಾ ಎಂದು ತಮ್ಮನನ್ನು ಒಂದು ಮಾತೂ ಕೇಳಲಿಲ್ಲ.

"ನಾ ಅಂತೂ ಹೊಂಟೀನಿ," ಎಂದಳು. "ನೀವು ಮ್ಯಾಲೆ ಬರ್ತೀರೇನು, ಇಲ್ಲಾ ಬುಡಕ ಕುಂತು ಎಳನೀರು ಹಿಡ್ಕೊಂಡಿರ್ತೀರೇನು?"

ಇವರು ಫೋನನ್ನು ಕೈಯಿಂದ ಮುಚ್ಚಿ ನನ್ನ ಕಡೆ ನೋಡಿದರು. ಎರಡು ದಪ್ಪ ಸ್ವೆಟರು ಬೇಕಾಗುತ್ತವೆ ಎಂದೆ. ಎಷ್ಟಾಗುತ್ತದೆ ಎಂದು ಅವರು ಕೇಳಲಿಲ್ಲ.