ಬೆಂಚಿನ ತುದಿಯ ಏಳಡಿ ಮನುಷ್ಯ

ಬೆಳಕು ಹರಿಯುವ ಹೊತ್ತು. ಉಜಿತ್ಸೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಅರ್ಧ ದೀಪಗಳು ಮಾತ್ರ ಉರಿಯುತ್ತಿವೆ. ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದ ಯೆಲಿಸಾವಾ ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಬ್ಯಾಸ್ಕೆಟ್‌ಬಾಲ್ ಎಸೆಯುತ್ತಾಳೆ. ಬುಟ್ಟಿಯ ಕೆಳಗೆ ನಿಂತ ಗಂಡ ವುಕೋಮಾನ್ ಅದನ್ನು ಹಿಡಿದು, ಗಿರ್ರನೆ ತಿರುಗಿ ಮೇಲೆ ಹಾಕುತ್ತಾನೆ. ಅವನು ಏಳಡಿ ಆಳು. ಅವಳ ತಲೆ ಅವನ ಎದೆಗೂ ಮುಟ್ಟದು.

"ಅಷ್ಟು ಕೆಳಗೆ ಎಸೀಬೇಡ ಕಣೇ, ಬೆನ್ನು ಬಗ್ಗಲ್ಲ."

"ಹಾಗಾದ್ರೆ ಏಣಿ ತಂದುಕೊಡು."

ವುಕೋಮಾನ್‌ಗೆ ಮೂವತ್ನಾಲ್ಕು. ಅಪ್ಪ ಬೆಟ್ಟದ ಮೇಲಿನ ಗರಗಸದ ಗಿರಣಿಯಲ್ಲಿ ದುಡಿದವನು. ಹದಿನಾರಕ್ಕೇ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುತ್ತಿದ್ದ ಮಗನನ್ನು ಯಾರೋ ಪುಣ್ಯಾತ್ಮರು ಆಟಕ್ಕೆ ಎಳೆದು ತಂದರು. ಊರೂರು ಸುತ್ತಿ, ಎರಡು ಸಲ ಮಂಡಿ ಕೊಯ್ಯಿಸಿಕೊಂಡು, ಈಗ ಇಲ್ಲಿಯ ತಂಡದಲ್ಲಿದ್ದಾನೆ. ಪಂದ್ಯಕ್ಕೆ ನಾಲ್ಕು ನಿಮಿಷ ಆಡಿದರೆ ಹೆಚ್ಚು; ಉಳಿದ ಹೊತ್ತೆಲ್ಲ ಬೆಂಚಿನ ತುದಿ. ಈಗಿನ ಕೋಚ್‌ಗೆ ಓಡುವವರು ಬೇಕು, ದೂರದಿಂದ ಗುರಿ ಹೊಡೆಯುವವರು ಬೇಕು. ಅಭ್ಯಾಸದಲ್ಲಿ ಮಾತ್ರ ಎಲ್ಲರೂ ಇವನಿಗೇ ಡಿಕ್ಕಿ ಹೊಡೆದು ಗಟ್ಟಿಯಾಗುತ್ತಾರೆ. ಅದರ ಬಗ್ಗೆ ಕೇಳಿದರೆ ನಗುತ್ತಾನೆ: "ನಾನು ಸೌದೆ ಲಾರಿ. ಅವರಿಗೆ ಬೇಕಾಗಿರೋದು ಮೋಟಾರ್ ಸೈಕಲ್ಲು. ತಪ್ಪೇನಿದೆ?"

ಅದೇ ರೈಲು ಹಾದಿಯಲ್ಲಿ ದಕ್ಷಿಣಕ್ಕಿರುವ ಪ್ರಿಯೆಪೊಲ್ಯೆಯ ತಂಡ ಈ ಚಳಿಗಾಲ ಸೋತು ಸೋತು ಕೊನೆಯ ಸ್ಥಾನಕ್ಕೆ ಬಿದ್ದಿದೆ. ಬುಟ್ಟಿಯ ಕೆಳಗೆ ನಿಲ್ಲುವ ಗಟ್ಟಿ ಆಳೇ ಇಲ್ಲ. ಅಲ್ಲಿಯ ಕೋಚ್ ಸ್ತೊಯಾನ್‌ಗೆ ವುಕೋಮಾನ್ ಮೇಲೆ ಕಣ್ಣು. ಉಜಿತ್ಸೆಯವರು ಕೊಡಲು ಸಿದ್ಧ, ಆದರೆ ಬದಲಿಗೆ ಪ್ರಿಯೆಪೊಲ್ಯೆಯ ಚುರುಕು ಹುಡುಗ ಲ್ಯುಬಿಶಾನನ್ನು ಕೇಳುತ್ತಾರೆ. ಪ್ರಿಯೆಪೊಲ್ಯೆ ಕ್ಲಬ್ಬಿನ ಅಧ್ಯಕ್ಷ ರಾದಿಶಾ ಮಾಂಸದಂಗಡಿಯವನು. ಪಂಚಾಯ್ತಿಯೆಲ್ಲ ಅಂಗಡಿಯಲ್ಲೇ ನಡೆಯುತ್ತದೆ.

"ಕುದುರೆ ಕೊಟ್ಟು ಎತ್ತು ತರ್ತೀಯಾ? ಅದೂ ಮುದಿ ಎತ್ತು?" ಎಂದು ರಾದಿಶಾ ಕತ್ತಿ ಮಸೆಯುತ್ತಲೇ ಕೇಳುತ್ತಾನೆ.

"ನಮ್ಮ ಹೊಲ ಕೆಸರು ಕಣಪ್ಪ. ಕುದುರೆ ಹೂತುಹೋಗ್ತಿದೆ," ಎನ್ನುತ್ತಾನೆ ಸ್ತೊಯಾನ್.

ಮಾತು ಬಗೆಹರಿಯದೆ ಸ್ತೊಯಾನ್ ತಾನೇ ರೈಲು ಹತ್ತಿ ಉಜಿತ್ಸೆಗೆ ಬರುತ್ತಾನೆ. ಗಂಡಹೆಂಡಿರ ಮುಂಜಾನೆಯ ಆಟವನ್ನು ಮೂಲೆಯಲ್ಲಿ ಕೂತು ನೋಡಿ, ಆಮೇಲೆ ಇಬ್ಬರನ್ನೂ ಸ್ಟೇಷನ್ ಎದುರಿನ ಹೋಟೆಲಿಗೆ ಕರೆದೊಯ್ಯುತ್ತಾನೆ. ಮಾಂಸ ತುಂಬಿದ ಪದರ ಪದರದ ಬಿಸಿ ಬುರೆಕ್ ಬರುತ್ತದೆ, ಜೊತೆಗೆ ಲೋಟದ ತುಂಬ ಮೊಸರು. ಬರ್ತೀಯಾ ಎಂದು ಸ್ತೊಯಾನ್ ಕೇಳಿದಾಗ ವುಕೋಮಾನ್ ಮಂಡಿ ನೀವಿಕೊಳ್ಳುತ್ತಾನೆ.

"ನನ್ನ ಮಂಡಿ ಇಪ್ಪತ್ತು ನಿಮಿಷ ತಡೀತದೆ, ಅದಕ್ಕಿಂತ ಹೆಚ್ಚಿಲ್ಲ," ಎನ್ನುತ್ತಾನೆ. "ಎರಡು ವರ್ಷ ಆಡ್ತೀನೇನೋ. ಆ ಹುಡುಗ ಹದಿನೈದು ವರ್ಷ ಆಡ್ತಾನೆ. ನನಗೋಸ್ಕರ ಅವನನ್ನ ಬಿಟ್ಕೊಡಬೇಡಿ ಕೋಚ್, ನಷ್ಟ ಆಗ್ತದೆ."

ಸ್ತೊಯಾನ್ ರೈಲು ಹತ್ತಿ ಹೋದ ಮೇಲೆ ಗಂಡಹೆಂಡಿರು ಮನೆಗೆ ನಡೆಯುತ್ತಾರೆ. ತನ್ನನ್ನು ಒಂಟಿ ಮಾಡಿ ಹೋಗಲಾರದೆ ಹಾಗೆ ಹೇಳಿದನೇ ಎಂದು ಯೆಲಿಸಾವಾ ಕೇಳಿಯೇಬಿಡುತ್ತಾಳೆ. ಸ್ವಲ್ಪ ಅದೂ ಇದೆ ಎಂದು ಅವನು ಒಪ್ಪಿಕೊಳ್ಳುತ್ತಾನೆ.

"ನಾನು ಚೆಂಡು ಎಸೆಯೋದು ನೀನು ಪಂದ್ಯದಲ್ಲಿ ಆಡಲಿ ಅಂತ ಕಣೋ," ಎನ್ನುತ್ತಾಳೆ. "ಖಾಲಿ ಕುರ್ಚಿಗಳಿಗೆ ತೋರಿಸೋಕಲ್ಲ. ಕರೆದ್ರೆ ಹೋಗು. ಭಾನುವಾರ ನಾನೇ ರೈಲಲ್ಲಿ ಬರ್ತೀನಿ."

ಅತ್ತ ಮಾಂಸದಂಗಡಿಯಲ್ಲಿ ಸ್ತೊಯಾನ್ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಾನೆ. ರಾದಿಶಾ ಕತ್ತಿ ಕೆಳಗಿಡುತ್ತಾನೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಕೊಳ್ಳಲು ಬಂದವನ ಮುಂದೆ ತನ್ನನ್ನು ತಾನೇ ಹಳಿದುಕೊಂಡವನನ್ನು ಅವನು ಕಂಡಿಲ್ಲ. ಲ್ಯುಬಿಶಾನನ್ನು ಕರೆಸಿ ಕೇಳಿದರೆ, ಉಜಿತ್ಸೆಯಂಥ ದೊಡ್ಡ ಊರಿಗೆ ಹೋಗಲು ಅವನಿಗೂ ಆಸೆಯೇ. "ಹೋಗಿ ಕರ್ಕೊಂಡು ಬಾ ಆ ಮನುಷ್ಯನ್ನ," ಎನ್ನುತ್ತಾನೆ ರಾದಿಶಾ.

ಈಗ ವುಕೋಮಾನ್ ಪ್ರಿಯೆಪೊಲ್ಯೆಯಲ್ಲಿದ್ದಾನೆ. ಲಿಮ್ ನದಿಯ ದಂಡೆಯಲ್ಲಿ ಬಾಡಿಗೆ ಕೋಣೆ; ಮಂಚ ಗಿಡ್ಡವಾದ್ದರಿಂದ ಕಾಲ ಕಡೆಗೆ ಸ್ಟೂಲು. ಮೊದಲ ಪಂದ್ಯದಲ್ಲಿ ಹದಿನೆಂಟು ನಿಮಿಷ ಆಡಿದ. ಹಾಕಿದ್ದು ಎರಡೇ ಬುಟ್ಟಿ. ಆದರೆ ಎದುರಾಳಿಗಳ ದಾರಿಗೆ ಬಂಡೆಯ ಹಾಗೆ ಅಡ್ಡ ನಿಂತ. ಅವನ ಬೆನ್ನ ಹಿಂದಿನಿಂದ ನುಸುಳಿದ ಜೊತೆಗಾರರು ಬುಟ್ಟಿಯ ಮೇಲೆ ಬುಟ್ಟಿ ಹಾಕಿದರು. ತಂಡ ಗೆದ್ದಿತು. ಮುಂದಿನದರಲ್ಲಿ ಸೋತಿತು. ಕೊನೆಯ ಸ್ಥಾನದಿಂದ ಒಂದು ಮೆಟ್ಟಿಲು ಮೇಲೆ ಬಂದಿದೆ, ಅಷ್ಟೇ. ಕೊಟ್ಟು ತಂದದ್ದು ಸರಿಯೋ ತಪ್ಪೋ ಎಂಬ ವಾದ ಊರಿನ ಕಾಫಿ ಅಂಗಡಿಗಳಲ್ಲಿ ಇನ್ನೂ ನಡೆದೇ ಇದೆ.

ವುಕೋಮಾನ್ ಆ ವಾದಕ್ಕೆ ಇಳಿಯುವುದಿಲ್ಲ. ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಭಾನುವಾರದ ರೈಲಿಗೆ ಕಾಯುತ್ತಾನೆ. ಇನ್ನೇನು ಆಸೆ ಎಂದು ಕೇಳಿದರೆ ಹೇಳುವುದಿಷ್ಟು:

"ಪಂದ್ಯ ಮುಗಿದಾಗ ಏದುಸಿರು ಬರ್ತಿರಬೇಕು. ಕೂತೂ ಕೂತೂ ಆಗೋ ಸುಸ್ತಿದೆಯಲ್ಲ, ಅದು ನಿದ್ದೆ ಮಾಡೋಕೆ ಬಿಡಲ್ಲ. ಈಗ ಚೆನ್ನಾಗಿ ನಿದ್ದೆ ಬರ್ತದೆ."